ಅಪ್ಪನ ಊರು ಸ್ವೀಡನ್, ಮನೆ ಬೆಂಗಳೂರು: ಮಕ್ಕಳಿಗೆ ಎರಡನ್ನೂ ಉಳಿಸಿಕೊಡುವ ದಾರಿ

ಗಂಡ ಸ್ವೀಡನ್‌ನವರು, ಹೆಂಡತಿ ಕನ್ನಡದವಳು, ಮನೆ ಬೆಂಗಳೂರಿನಲ್ಲಿ. ಇಂಥ ಸಂಸಾರಗಳು ಈಗ ಅಪರೂಪವೇನಲ್ಲ. ಮಗು ಹುಟ್ಟುವವರೆಗೂ ಎಲ್ಲ ಸಲೀಸು. ಮಗು ಮಾತು ಕಲಿಯಲು ಶುರು ಮಾಡಿದಾಗ ಯೋಚನೆ ಹತ್ತಿಕೊಳ್ಳುತ್ತದೆ. ಕನ್ನಡ ಅಜ್ಜಿ ಮನೆಯಲ್ಲಿದೆ, ಬೀದಿಯಲ್ಲಿದೆ. ಇಂಗ್ಲಿಷ್ ಬೇಡ ಅಂದರೂ ಬರುತ್ತದೆ. ಸ್ವೀಡಿಶ್ ಎಲ್ಲಿಂದ ಬರಬೇಕು? ಅಲ್ಲಿನ ಅಜ್ಜಿ, ಅಲ್ಲಿನ ಹಬ್ಬ, ಅಲ್ಲಿನ ತಿಂಡಿ?

ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: "ಈಗೆಲ್ಲ ಆ್ಯಪ್ ಇದೆಯಲ್ಲ!" ಇದೆ, ನಿಜ. ಆದರೆ ಆ್ಯಪ್ ಹಾಕುವವರು ಯಾರು, ಅಲ್ಲಿನ ಅತ್ತೆಗೆ ಫೋನ್ ಮಾಡಲು ನೆನಪಿಸುವವರು ಯಾರು, ಡಿಸೆಂಬರ್‌ನಲ್ಲಿ ಕೇಸರಿ ಬನ್ನಿಗೆ ಹಿಟ್ಟು ನಾದುವವರು ಯಾರು? ಅಮ್ಮ. ಗಂಡನ ಊರಿನ ಸಂಪ್ರದಾಯ ಕಾಪಾಡುವ ಕೆಲಸವೂ ಕೊನೆಗೆ ಹೆಂಡತಿಯ ತಲೆಗೇ ಬರುತ್ತದೆ, ಅದೂ ಆಕೆಗೆ ಗೊತ್ತಿಲ್ಲದ ಭಾಷೆಯಲ್ಲಿ! ಹಾಗಾಗಿ ಇಲ್ಲಿ ಬರೆದಿರುವ ಪ್ರತಿ ಹಂತಕ್ಕೂ ನಾನು ಒಂದೇ ಅಳತೆಗೋಲು ಇಟ್ಟಿದ್ದೇನೆ. ಫೋನು, ಆ್ಯಪು, ಏನೇ ಇರಲಿ, ಅದು ಅಮ್ಮನ ಕೆಲಸವನ್ನು ಅಪ್ಪನಿಗೋ, ಅಲ್ಲಿನ ಅಜ್ಜಿಗೋ, ಮಗುವಿಗೋ ದಾಟಿಸಬೇಕು. ಇನ್ನೊಂದು ಹೊರೆ ಹೊರಿಸುವುದಾದರೆ ಬೇಡವೇ ಬೇಡ.

ನಾನು ಸ್ವೀಡನ್ ಲೆಕ್ಕದಲ್ಲಿ ಬರೆಯುತ್ತೇನೆ, ಯಾಕೆಂದರೆ ನಮ್ಮನೆಯವರು ಅಲ್ಲಿನ ಡಾಲಾರ್ನ ಕಡೆಯವರು. ನಾರ್ವೆ, ಡೆನ್ಮಾರ್ಕ್‌ನವರಿಗೂ ಹೆಚ್ಚಿನದೆಲ್ಲ ಹೊಂದುತ್ತದೆ.

1. ಭಾಷೆ ಅಪ್ಪನ ಪಾಲಿಗೆ

ಮೊದಲು ಇದನ್ನು ಕೂತು ಮಾತಾಡಿಕೊಳ್ಳಿ. ಅಪ್ಪ ಮಗುವಿನ ಜೊತೆ ಸ್ವೀಡಿಶ್ ಮಾತ್ರ ಮಾತಾಡಬೇಕು. ಅಮ್ಮ ಕನ್ನಡ. ಗಂಡ ಹೆಂಡತಿ ನಡುವೆ ಯಾವ ಭಾಷೆ ಬೇಕಾದರೂ ಇರಲಿ, ಅದು ಮಗುವಿಗೆ ತೊಂದರೆ ಇಲ್ಲ. ತೊಂದರೆ ಆಗುವುದು ಎಲ್ಲಿ ಅಂದರೆ, ಅಪ್ಪ ಸಂಜೆ ಆಫೀಸಿನಿಂದ ಬಂದು ಸುಸ್ತಾಗಿ, ಮಗು ಇಂಗ್ಲಿಷ್‌ನಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲೇ ಉತ್ತರ ಕೊಟ್ಟುಬಿಡುತ್ತಾರಲ್ಲ, ಅಲ್ಲಿ. ಒಂದು ಸಲ ಆ ಚಾಳಿ ಬಿದ್ದರೆ ಮತ್ತೆ ಸ್ವೀಡಿಶ್‌ಗೆ ತಿರುಗಿಸುವುದು ಕಷ್ಟ, ಯಾಕೆಂದರೆ ಅಪ್ಪನಿಗೆ ಇಂಗ್ಲಿಷ್ ಬರುತ್ತದೆ ಅಂತ ಮಗುವಿಗೆ ಗೊತ್ತಾಗಿ ಹೋಗಿರುತ್ತದೆ.

"ನೀವೂ ಸ್ವೀಡಿಶ್ ಕಲಿತು ಮಗುವಿನ ಜೊತೆ ಮಾತಾಡಿ" ಅಂತ ಸಲಹೆ ಕೊಡುವವರು ಇರುತ್ತಾರೆ. ಕಲಿಯಿರಿ, ಆದರೆ ನಿಮಗಾಗಿ ಕಲಿಯಿರಿ. ಡುವೊಲಿಂಗೊ ಅನ್ನುವ ಭಾಷೆ ಕಲಿಸುವ ಆ್ಯಪ್‌ನಲ್ಲಿ ಸ್ವೀಡಿಶ್, ನಾರ್ವೇಜಿಯನ್, ಡ್ಯಾನಿಶ್ ಮೂರೂ ಇವೆ, ಇಂಗ್ಲಿಷ್ ಮೂಲಕ ಕಲಿಯಬೇಕು ಅಷ್ಟೇ. ಮೆಟ್ರೋದಲ್ಲಿ ಕೂತು ಒಂದು ಪಾಠ ಮಾಡಿದರೆ ಅತ್ತೆ ಫೋನ್‌ನಲ್ಲಿ ಏನು ಹೇಳುತ್ತಿದ್ದಾರೆ ಅನ್ನುವ ಅಂದಾಜು ಸಿಗುತ್ತದೆ. ಆದರೆ ನಿಮ್ಮ ಕನ್ನಡ ಬಿಟ್ಟುಕೊಟ್ಟು ಮುರುಕು ಸ್ವೀಡಿಶ್‌ನಲ್ಲಿ ಮಗುವನ್ನು ಬೆಳೆಸಬೇಡಿ. ಮಗುವಿಗೆ ಎರಡೂ ಕಡೆ ನಷ್ಟ.

ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೆ ಇನ್ನೊಂದು ಅನುಕೂಲ ಇದೆ. ಹೊರದೇಶಗಳಲ್ಲಿ ಬೆಳೆಯುವ ಸ್ವೀಡಿಶ್ ಮಕ್ಕಳಿಗೆ ಪೂರಕ ಸ್ವೀಡಿಶ್ ಪಾಠ ಅಂತ ಒಂದು ವ್ಯವಸ್ಥೆ ಇದೆ, ಸ್ವೀಡನ್ ಸರ್ಕಾರದ ನೆರವಿನಲ್ಲಿ ನಡೆಯುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ತಂದೆ ತಾಯಿಯಲ್ಲಿ ಒಬ್ಬರಾದರೂ ಸ್ವೀಡಿಶ್ ಪ್ರಜೆ ಆಗಿರಬೇಕು, ಮತ್ತು ಮನೆಯಲ್ಲಿ ಮಗು ದಿನನಿತ್ಯ ಸ್ವೀಡಿಶ್ ಬಳಸುತ್ತಿರಬೇಕು. ನೋಡಿ, ಮತ್ತೆ ಅಪ್ಪನ ಹತ್ತಿರವೇ ಬಂತು. ಅರ್ಜಿ ಹಾಕುವ ಕೆಲಸವೂ ಅವರದ್ದೇ.

2. ಕಾಗದಪತ್ರ: ಬೇಜಾರಿನ ಕೆಲಸ, ಬೇಗ ಮುಗಿಸಿ

2015ರ ಏಪ್ರಿಲ್‌ನಿಂದ ನಿಯಮ ಸರಳವಾಗಿದೆ. ಅಪ್ಪ ಅಥವಾ ಅಮ್ಮ ಸ್ವೀಡಿಶ್ ಪ್ರಜೆಯಾಗಿದ್ದರೆ ಮಗು ಎಲ್ಲೇ ಹುಟ್ಟಿದರೂ ಹುಟ್ಟುತ್ತಲೇ ಸ್ವೀಡಿಶ್ ಪ್ರಜೆ. ಆದರೆ ಪಾಸ್‌ಪೋರ್ಟ್ ಬೇಕಾದರೆ ಮೊದಲು ಅಲ್ಲಿನ ತೆರಿಗೆ ಇಲಾಖೆ ಕೊಡುವ ಒಂದು ಗುರುತಿನ ಸಂಖ್ಯೆ ಬೇಕು. ಆ ಸಂಖ್ಯೆ, ಪಾಸ್‌ಪೋರ್ಟ್ ಎರಡಕ್ಕೂ ದೆಹಲಿಯ ಸ್ವೀಡಿಶ್ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕಾಗುತ್ತದೆ. ದೆಹಲಿಗೆ ಹೋಗುವ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ಭಾರತ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಮಗುವಿಗೆ ಸ್ವೀಡಿಶ್ ಪಾಸ್‌ಪೋರ್ಟ್ ಮಾಡಿಸಿದರೆ ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ, ಆಮೇಲೆ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ದಾರಿ. ಯಾವುದು ಬೇಕು ಅಂತ ಗಂಡ ಹೆಂಡತಿ ಕೂತು ನಿರ್ಧರಿಸಿದ ಮೇಲೇ ಅರ್ಜಿ ತುಂಬಿ.

ಹೆಸರಿನ ಬಗ್ಗೆ ಒಂದು ಮಾತು. ಸ್ವೀಡಿಶ್ ಅಕ್ಷರಮಾಲೆಯಲ್ಲಿ ಇಂಗ್ಲಿಷ್‌ಗಿಂತ ಮೂರು ಅಕ್ಷರ ಜಾಸ್ತಿ: ತಲೆ ಮೇಲೆ ಸೊನ್ನೆ ಇರುವ ಎ, ಎರಡು ಚುಕ್ಕಿಯ ಎ, ಎರಡು ಚುಕ್ಕಿಯ ಓ. ನಮ್ಮ ಜನನ ಪ್ರಮಾಣಪತ್ರದಲ್ಲಿ ಆ ಚುಕ್ಕಿಗಳು ಬೀಳುವುದಿಲ್ಲ, ಬರೀ ಓ ಅಂತ ಬರುತ್ತದೆ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಸಾಲಿನಲ್ಲಿ ಮಾತ್ರ ಅದೇ ಅಕ್ಷರ ಓ ಮತ್ತು ಇ ಆಗಿ, ಎರಡು ಅಕ್ಷರವಾಗಿ ಬರುತ್ತದೆ. ವಿಮಾನದ ಟಿಕೆಟ್ ಮಾಡುವಾಗ ಆ ಕೆಳಗಿನ ಸಾಲನ್ನು ನೋಡಿ ಹೆಸರು ತುಂಬಿ. ಮನೆತನದ ಹೆಸರಿನಲ್ಲಿ ಚುಕ್ಕಿ ಇರುವವರು ಇದನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಸ್ವೀಡನ್‌ನ ಹೊರಗೆ ಹುಟ್ಟಿ, ಅಲ್ಲಿ ಯಾವತ್ತೂ ವಾಸ ಮಾಡದೆ, ಆ ದೇಶದ ಜೊತೆ ನಂಟೂ ಇಲ್ಲದ ಮಕ್ಕಳು 22 ತುಂಬಿದಾಗ ಪೌರತ್ವ ಕಳೆದುಕೊಳ್ಳುತ್ತಾರೆ. ಉಳಿಸಿಕೊಳ್ಳಬೇಕಾದರೆ 18 ತುಂಬಿದ ಮೇಲೆ, 22 ಆಗುವುದರೊಳಗೆ ಅರ್ಜಿ ಹಾಕಬೇಕು. ನಾರ್ವೆ, ಡೆನ್ಮಾರ್ಕ್‌ನಲ್ಲೂ 22ರ ಗಡಿ ಇದೆ, ಷರತ್ತುಗಳು ಬೇರೆ. ಹಾಗಾಗಿ ಬೇಸಿಗೆ ರಜೆಗೆ ಅಲ್ಲಿಗೆ ಹೋದಾಗಿನ ಬೋರ್ಡಿಂಗ್ ಪಾಸ್, ಟಿಕೆಟ್ ಎಲ್ಲವನ್ನೂ, ನಂಟಿನ ಪುರಾವೆಯಾಗಿ, ಮಗುವಿನ ಹೆಸರಲ್ಲಿ ಒಂದು ಗೂಗಲ್ ಡ್ರೈವ್ ಫೋಲ್ಡರ್ ಮಾಡಿ ಹಾಕುತ್ತಾ ಹೋಗಿ. ಕ್ಯಾಲೆಂಡರ್‌ನಲ್ಲಿ ಮಗುವಿನ 18ನೇ ಹುಟ್ಟುಹಬ್ಬಕ್ಕೆ ಈಗಲೇ ರಿಮೈಂಡರ್ ಹಾಕಿಬಿಡಿ. ಮಗುವಿಗೆ ಎರಡು ವರ್ಷ ಇರುವಾಗ ಇದು ತಮಾಷೆಯಾಗಿ ಕಾಣುತ್ತದೆ, ಆದರೂ ಹಾಕಿ.

3. ಫೋನು, ಕ್ಯಾಲೆಂಡರ್ ಸಜ್ಜು ಮಾಡುವುದು

ಇದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಫೋನಿನಲ್ಲಿ ಜಿಬೋರ್ಡ್ (ಗೂಗಲ್‌ನ ಕೀಬೋರ್ಡ್ ಆ್ಯಪ್) ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಜೊತೆ ಸ್ವೀಡಿಶ್ ಕೀಬೋರ್ಡನ್ನೂ ಸೇರಿಸಿ. ಸೇರಿಸದಿದ್ದರೂ ಎ ಅಥವಾ ಓ ಕೀಯನ್ನು ಒತ್ತಿ ಹಿಡಿದರೆ ಚುಕ್ಕಿಯ ಅಕ್ಷರ ಮೇಲೆ ಬರುತ್ತದೆ.

ಗಡಿಯಾರದ ವಿಷಯ. ಚಳಿಗಾಲದಲ್ಲಿ ಸ್ವೀಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಅವತ್ತು ಒಂದು ಕಡೆಯವರು ಕಾಯುತ್ತಾ ಕೂತಿರುತ್ತಾರೆ, ಇನ್ನೊಂದು ಕಡೆಯವರು ಇನ್ನೂ ಸ್ನಾನಕ್ಕೇ ಹೋಗಿರುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಗೂಗಲ್ ಕ್ಯಾಲೆಂಡರ್‌ನಲ್ಲಿ ವಾರದ ಕರೆ ಹಾಕುವಾಗ ಟೈಮ್ ಝೋನ್ ಅಂತ ಇರುವಲ್ಲಿ ಸ್ಟಾಕ್‌ಹೋಮ್ ಆರಿಸಿ. ಅಲ್ಲಿ ಗಡಿಯಾರ ಬದಲಾದರೆ ಇಲ್ಲಿನ ನೋಟಿಫಿಕೇಶನ್ ತಾನಾಗಿ ಬದಲಾಗುತ್ತದೆ. ಆ ಕ್ಯಾಲೆಂಡರ್ ಗಂಡನ ಫೋನಿನಲ್ಲಿ ಇರಲಿ. ನಿಮ್ಮ ಫೋನಿನಲ್ಲಿ ಬೇಡ.

4. ಭಾನುವಾರದ ಕರೆ

ಎಲ್ಲ ಹಂತಕ್ಕಿಂತ ಇದಕ್ಕೆ ಜಾಸ್ತಿ ಗಮನ ಕೊಡಿ. ಉಳಿದದ್ದು ಏನೂ ಆಗದಿದ್ದರೂ ಪರವಾಗಿಲ್ಲ, ಇದೊಂದು ಆಗಬೇಕು.

ಅಪ್ಪನ ಅಮ್ಮನನ್ನು ಸ್ವೀಡಿಶ್‌ನಲ್ಲಿ ಫಾರ್ಮೋರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಅಂದರೆ ನನ್ನ ಅಮ್ಮ, ಫಾರ್ಮೋರ್ ಅಂದರೆ ಅಲ್ಲಿಯವರು, ಗೊಂದಲವೇ ಇಲ್ಲ. ಫಾರ್ಮೋರ್ ಜೊತೆ ಮಾತು ಭಾನುವಾರ ಅವರ ಬೆಳಗಿನ ಹನ್ನೊಂದಕ್ಕೆ, ಅಂದರೆ ಅವರು ಕಾಫಿಗೆ ಕೂರುವ ಹೊತ್ತಿಗೆ. ನಮಗೆ ಬೇಸಿಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಊಟ ಆಗಿರುತ್ತದೆ, ಮಗು ಎದ್ದಿರುತ್ತದೆ. ಸಂಜೆ ಹೊತ್ತು ಇಡಬೇಡಿ. ಹಸಿವು, ನಿದ್ದೆ, ಹೋಂವರ್ಕ್ ಎಲ್ಲ ಸೇರಿ ಕರೆ ಕೆಟ್ಟುಹೋಗುತ್ತದೆ.

ದೊಡ್ಡವರು ಕರೆಯಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? "ಹೇಳು ಪುಟ್ಟಾ, ಶಾಲೆಯಲ್ಲಿ ಏನು ಮಾಡಿದೆ?" ಮಗು: "ಏನಿಲ್ಲ." ಅಲ್ಲಿಗೆ ಮುಗೀತು. ಪ್ರಶ್ನೆ ಕೇಳಿದರೆ ಮಕ್ಕಳು ಮಾತಾಡುವುದಿಲ್ಲ, ಕೈಗೆ ಕೆಲಸ ಕೊಟ್ಟರೆ ಮಾತಾಡುತ್ತಾರೆ. ಹಾಗಾಗಿ ಕರೆಗೆ ಒಂದು ಕೆಲಸ ಇಟ್ಟುಕೊಳ್ಳಿ. ಚಿಕ್ಕ ಮಗುವಿಗೆ ಚಿತ್ರದ ಪುಸ್ತಕ. ಒಂದೇ ಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಫಾರ್ಮೋರ್ ಮನೆಯಲ್ಲಿಟ್ಟು ಇನ್ನೊಂದನ್ನು ಇಲ್ಲಿ ಇಟ್ಟುಕೊಂಡರೆ, ಅವರು ಓದುತ್ತಿದ್ದ ಹಾಗೆ ಮಗು ಇಲ್ಲಿ ಪುಟ ತಿರುವುತ್ತದೆ, ಫೋನಿನ ಸಣ್ಣ ಪರದೆಯಲ್ಲಿ ಚಿತ್ರ ಹುಡುಕುವ ಕಷ್ಟ ಇಲ್ಲ. ನಾಲ್ಕೈದು ವರ್ಷದವರಿಗೆ ಇಬ್ಬರೂ ಒಟ್ಟಿಗೆ ಚಿತ್ರ ಬಿಡಿಸುವುದು, ಇಸ್ಪೀಟು, ಲೂಡೋ. ಇನ್ನೂ ದೊಡ್ಡವರಿಗೆ ಅಡುಗೆ.

ಫೋನ್ ಕೈಯಲ್ಲಿ ಹಿಡಿಯಬೇಡಿ. ನಮ್ಮಲ್ಲಿ ಅಕ್ಕಿ ಡಬ್ಬಕ್ಕೆ ಒರಗಿಸಿ ಇಡುತ್ತೇವೆ, ಕ್ಯಾಮೆರಾ ಮಗುವಿನ ಮುಖಕ್ಕಲ್ಲ, ಕೈಗೆ ಕಾಣುವ ಹಾಗೆ. ಬನ್ ಮಾಡುವ ದಿನ ಮಗಳು ಹಿಟ್ಟಿನ ಪಟ್ಟಿಯನ್ನು ಎರಡು ಬೆರಳಿಗೆ ಸುತ್ತುತ್ತಾಳೆ, ತುದಿಯನ್ನು ಒಳಗೆ ಸಿಕ್ಕಿಸಬೇಕು, ಅದು ಜಾರಿ ಜಾರಿ ಬಿಚ್ಚಿಕೊಳ್ಳುತ್ತದೆ. ಆ ಕಡೆಯಿಂದ ಫಾರ್ಮೋರ್ ಕನ್ನಡಕ ಏರಿಸಿ ನೋಡಿ "ಎನ್ ಗೋಂಗ್ ತಿಲ್" ಅನ್ನುತ್ತಾರೆ, ಇನ್ನೊಂದು ಸಲ ಅಂತ. ಅವರ ಕೈಯಲ್ಲೂ ಅಲ್ಲಿ ಒಂದು ಪಟ್ಟಿ ಇರುತ್ತದೆ, ಮೆಲ್ಲಗೆ ಸುತ್ತಿ ತೋರಿಸುತ್ತಾರೆ. ಮೈದಾ ಮೆತ್ತಿದ ಬೆರಳಿನಿಂದ ಇವಳು ಪರದೆ ಮುಟ್ಟಿ ದೊಡ್ಡದು ಮಾಡಲು ಹೋಗಿ ಕರೆಯೇ ಕಟ್ ಆಗುವುದೂ ಉಂಟು. ಇಷ್ಟೆಲ್ಲ ಆಗುವಾಗ ನಾನು ಹಾಲ್‌ನಲ್ಲಿ ಕಾಲು ಚಾಚಿ ಕೂತಿರುತ್ತೇನೆ. ಹಾಗೇ ಇರಬೇಕು.

ಎರಡು ವರ್ಷದ ಒಳಗಿನ ಮಗುವಿಗೆ ಪರದೆ ತೋರಿಸಬಾರದು ಅಂತ ಎಲ್ಲ ಕಡೆ ಹೇಳುತ್ತಾರೆ, ವಿಡಿಯೋ ಕರೆಯೂ ಅದರಲ್ಲಿ ಬರುತ್ತದಾ ಅಂತ ಅನುಮಾನ ಬರಬಹುದು. ಅಮೆರಿಕದ ಮಕ್ಕಳ ವೈದ್ಯರ ಸಂಘ 18 ತಿಂಗಳ ಒಳಗಿನವರಿಗೆ ಪರದೆ ಬೇಡ ಅನ್ನುವಾಗಲೂ ವಿಡಿಯೋ ಕರೆಯನ್ನು ಹೊರಗಿಟ್ಟಿದೆ. ಆ ಕಡೆ ಇರುವುದು ಮಗುವಿಗೆ ಉತ್ತರ ಕೊಡುವ ಮನುಷ್ಯರು, ಅಲ್ವಾ?

ಎರಡು ಕಡೆಯ ಅಜ್ಜಿಯರು ಮಾತಾಡಬೇಕೆಂದರೆ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವೂ ಇದೆ, ಸ್ವೀಡಿಶ್ ಕೂಡ ಇದೆ. ಸಣ್ಣ ಸಣ್ಣ ವಾಕ್ಯ ಹೇಳಿದರೆ ಕೆಲಸ ನಡೆಯುತ್ತದೆ. ನನ್ನ ಅಮ್ಮ ಗಾದೆ ಸೇರಿಸಿ ಮಾತಾಡುವುದರಿಂದ ಆ ಕಡೆಯವರಿಗೆ ಏನು ತಲುಪುತ್ತದೋ ದೇವರಿಗೇ ಗೊತ್ತು. ಇಬ್ಬರೂ ನಗುತ್ತಾರೆ, ಸಾಕು.

5. ಟಿವಿ ಮತ್ತು ರೇಡಿಯೋ

ಸ್ವೀಡನ್‌ನ ಸಾರ್ವಜನಿಕ ಟಿವಿ ಎಸ್‌ವಿಟಿ. ಅದರ ಆನ್‌ಲೈನ್ ಸೇವೆ ಎಸ್‌ವಿಟಿ ಪ್ಲೇ. ಮಕ್ಕಳ ಕಾರ್ಯಕ್ರಮ ಜಾಹೀರಾತಿಲ್ಲದೆ ಸಿಗುತ್ತವೆ. ಎಲ್ಲವೂ ದೇಶದ ಹೊರಗೆ ತೆರೆದುಕೊಳ್ಳುವುದಿಲ್ಲ, ಹಕ್ಕಿನ ಕಾರಣಕ್ಕೆ. ಹೊರಗೂ ಸಿಗುವಂಥವನ್ನು ಅಪ್ಪ ಒಂದು ಸಲ ಕೂತು ಹುಡುಕಿ ಪಟ್ಟಿ ಮಾಡಿಡಲಿ. ನಾರ್ವೆಯವರಿಗೆ ಎನ್‌ಆರ್‌ಕೆ ಸೂಪರ್, ಡೆನ್ಮಾರ್ಕ್‌ನವರಿಗೆ ಡಿಆರ್ ರಾಮಸ್ಯಾಂಗ್ ಅಂತ ಮಕ್ಕಳ ವಾಹಿನಿಗಳಿವೆ.

ನನ್ನ ಮತ ಕೇಳಿದರೆ ಟಿವಿಗಿಂತ ರೇಡಿಯೋ ಮೇಲು. ಸ್ವೀಡನ್‌ನ ಸಾರ್ವಜನಿಕ ರೇಡಿಯೋಗೆ ಉಚಿತ ಆ್ಯಪ್ ಇದೆ, ಅದರಲ್ಲಿ ಮಕ್ಕಳ ಕಥೆಗಳ ವಿಭಾಗವೇ ಇದೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಕಥೆ ಪೂರ್ತಿ ಮುಗಿಯುತ್ತದೆ. ಕಣ್ಣಿಗೆ ಪರದೆ ಇಲ್ಲ, ಕಿವಿಗೆ ಭಾಷೆ. ಮಲಗುವ ಹೊತ್ತಿಗೂ ಇದೇ.

ಎಷ್ಟು ಹೊತ್ತು ಅನ್ನುವ ಜಗಳಕ್ಕೆ ಸ್ವೀಡನ್‌ನದೇ ಉತ್ತರ ಇದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ ಪ್ರಕಾರ ಎರಡು ವರ್ಷದ ಒಳಗಿನವರಿಗೆ ಪರದೆ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, 6ರಿಂದ 12ರವರಿಗೆ ಒಂದರಿಂದ ಎರಡು ಗಂಟೆ. "ಸ್ವೀಡಿಶ್ ಕಲಿಯುತ್ತಾಳೆ ಬಿಡು" ಅಂತ ಅಪ್ಪ ಐಪ್ಯಾಡ್ ಕೈಗೆ ಕೊಟ್ಟು ತಾವು ಕ್ರಿಕೆಟ್ ನೋಡಲು ಕೂತರೆ (ಹೌದು, ಇಲ್ಲಿ ಬಂದವರಿಗೆ ಅದೂ ಅಂಟಿಕೊಳ್ಳುತ್ತದೆ) ಈ ಸಾಲನ್ನು ತೋರಿಸಿ.

6. ಅಡುಗೆಮನೆ: ನಮ್ಮ ಏಲಕ್ಕಿ, ಅವರ ಬನ್

ಇಲ್ಲಿ ನಮಗೆ ಒಂದು ಅದೃಷ್ಟ ಇದೆ. ಸ್ವೀಡನ್‌ನ ಬನ್ನಿಗೆ ಬೇಕಾದ ಮುಖ್ಯ ಸಾಮಾನು ಏಲಕ್ಕಿ. ಕೊಡಗು, ಮಲೆನಾಡಿನಿಂದ ಹೊಸ ಏಲಕ್ಕಿ ಬಂದಾಗ ಸಿಪ್ಪೆ ಸುಲಿದು ಕಾಳನ್ನು ಕುಟ್ಟಾಣಿಯಲ್ಲಿ ಒರಟಾಗಿ ಕುಟ್ಟಿದರೆ ಬರುವ ಘಮ ಅಲ್ಲಿನ ಅಂಗಡಿ ಪುಡಿಗೆ ಇಲ್ಲ. ಊರಿಗೆ ಹೋಗುವಾಗ ಫಾರ್ಮೋರ್‌ಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಅಲ್ಲಿನ ಅಡುಗೆ ಬರಹಗಳಲ್ಲಿ ಅಳತೆ ಡೆಸಿಲೀಟರ್‌ನಲ್ಲಿ ಇರುತ್ತದೆ. ಒಂದು ಡೆಸಿಲೀಟರ್ ಅಂದರೆ 100 ಎಂಎಲ್. ಮೈದಾ ಆದರೆ ಸುಮಾರು 60 ಗ್ರಾಂ. ಈ ಎರಡು ಗೊತ್ತಿದ್ದರೆ ಫೋನಿನ ಕ್ಯಾಮೆರಾದಿಂದ ಟ್ರಾನ್ಸ್‌ಲೇಟ್ ಮಾಡಿ ಯಾವ ಪುಸ್ತಕದಿಂದಲೂ ಅಡುಗೆ ಮಾಡಬಹುದು.

ನಮ್ಮ ಓಟಿಜಿಗೆ (ಮನೆಯ ಸಣ್ಣ ಓವನ್‌ಗೆ) ಹೊಂದುವ ಲೆಕ್ಕ ಹೀಗಿದೆ. ಹಾಲು 250 ಎಂಎಲ್, ಬೆರಳಿಗೆ ಬೆಚ್ಚಗೆ ತಾಗುವಷ್ಟು ಮಾತ್ರ ಬಿಸಿ. ಬೆಣ್ಣೆ 75 ಗ್ರಾಂ ಕರಗಿಸಿ ಹಾಲಿಗೆ ಸೇರಿಸಿ. ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಸಕ್ಕರೆ 65 ಗ್ರಾಂ, ಚಿಟಿಕೆ ಉಪ್ಪು, ಕುಟ್ಟಿದ ಏಲಕ್ಕಿ ಒಂದೂವರೆ ಟೀ ಚಮಚ, ಮೈದಾ ಸುಮಾರು 420 ಗ್ರಾಂ. ಚೆನ್ನಾಗಿ ನಾದಿ, ಹೋಳಿಗೆ ಕಣಕದಷ್ಟು ಅಲ್ಲದಿದ್ದರೂ ಚಪಾತಿ ಹಿಟ್ಟಿಗಿಂತ ಮೆತ್ತಗೆ ಬರಬೇಕು. ಮುಚ್ಚಿಡಿ. ಸ್ವೀಡನ್ ಅಡುಗೆಮನೆಯ ಲೆಕ್ಕದಲ್ಲಿ ಗಂಟೆ ನೋಡಬೇಡಿ, ಏಪ್ರಿಲ್‌ನಲ್ಲಿ ಇಲ್ಲಿ ಹಿಟ್ಟು ಬಲು ಬೇಗ ಉಬ್ಬುತ್ತದೆ, ಎರಡರಷ್ಟಾದರೆ ಆಯಿತು. ಲಟ್ಟಿಸಿ, ಮೆತ್ತಗಿನ ಬೆಣ್ಣೆ 75 ಗ್ರಾಂ, ಸಕ್ಕರೆ 60 ಗ್ರಾಂ, ಮತ್ತಷ್ಟು ಏಲಕ್ಕಿ ಕಲಸಿ ಸವರಿ, ಮೂರು ಮಡಿಕೆ ಮಡಚಿ, ಪಟ್ಟಿ ಕತ್ತರಿಸಿ, ತಿರುಚಿ ಬೆರಳಿಗೆ ಸುತ್ತಿ ಗಂಟು ಹಾಕಿ. ಮತ್ತೆ ಅರ್ಧ ಗಂಟೆ ಬಿಡಿ. ಓಟಿಜಿ 210 ಡಿಗ್ರಿಗೆ ಕಾದ ಮೇಲೆ ಹತ್ತು ಹನ್ನೆರಡು ನಿಮಿಷ. ಅವರು ಮೇಲೆ ಮೊಟ್ಟೆ ಸವರುತ್ತಾರೆ. ಮೊಟ್ಟೆ ಇಲ್ಲದ ಮನೆಯಾದರೆ ಹಾಲು ಸವರಿ, ಹೊಳಪು ಸ್ವಲ್ಪ ಕಡಿಮೆ, ರುಚಿಗೆ ಏನೂ ಕೊರತೆ ಇಲ್ಲ. ಮೇಲೆ ಉದುರಿಸುವ ಮುತ್ತಿನಂಥ ಸಕ್ಕರೆ ಸಿಗದಿದ್ದರೆ ಕಲ್ಲುಸಕ್ಕರೆ ಜಜ್ಜಿ ಹಾಕಿ.

ಡೆನ್ಮಾರ್ಕ್ ನಂಟಿನವರಿಗೆ ಇನ್ನೂ ಸುಲಭ. ಅವರು ಡಿಸೆಂಬರ್‌ನಲ್ಲಿ ಮಾಡುವ ಎಬ್ಲೆಸ್ಕೀವರ್ ಅನ್ನುವ ಉಂಡೆಯಂಥ ಸಿಹಿಗೆ ಬೇಕಾದ ಬಾಣಲೆ ನಮ್ಮ ಪಡ್ಡಿನ ಕಾವಲಿಯೇ! ಮಜ್ಜಿಗೆ, ಮೈದಾ, ಮೊಟ್ಟೆಯ ಹಿಟ್ಟು, ಕಡ್ಡಿಯಿಂದ ತಿರುವುವ ರೀತಿಯೂ ಅದೇ. ಇನ್ನು ಸ್ವೀಡನ್, ನಾರ್ವೆಯಲ್ಲಿ ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ತಿಂಡಿ ಇದೆ. ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಗುಲಾಬಿ ಹೂವು ತಿಂದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಅಚ್ಚು ಕೂಡ ಅದೇ ನಡೆಯುತ್ತದೆ.

ವಾರಕ್ಕೊಂದು ಸಣ್ಣ ಪದ್ಧತಿ ಬೇಕಾದರೆ ಶನಿವಾರದ ಮಿಠಾಯಿ. ಸ್ವೀಡನ್‌ನಲ್ಲಿ ಮಕ್ಕಳಿಗೆ ಸಿಹಿ ಶನಿವಾರ ಮಾತ್ರ. ಇದರ ಹಿಂದಿನ ಕಥೆ ಅಷ್ಟು ಸಿಹಿಯಲ್ಲ. 1940ರ ದಶಕದಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿದ್ದ ಬುದ್ಧಿಮಾಂದ್ಯರಿಗೆ ಬೇಕೆಂದೇ ಅಂಟಿನ ಮಿಠಾಯಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಪರೀಕ್ಷೆ ಮಾಡಿದರು. ಸಕ್ಕರೆ ಎಷ್ಟು ಸಲ ತಿನ್ನುತ್ತೇವೆ ಅನ್ನುವುದು ಮುಖ್ಯ ಅಂತ ಗೊತ್ತಾಗಿ ವಾರಕ್ಕೊಮ್ಮೆ ತಿನ್ನಿ ಅನ್ನುವ ಸಲಹೆ ಬಂತು. ಪದ್ಧತಿ ಮಾತ್ರ ಒಳ್ಳೆಯದು, ಖರ್ಚಿಲ್ಲ, ಆ್ಯಪ್ ಬೇಡ. ಕನ್ನಡದ ಅಜ್ಜಿ ಮಂಗಳವಾರವೇ ಮೈಸೂರು ಪಾಕ್ ಕೊಟ್ಟು ಅದನ್ನು ಮುರಿಯುತ್ತಾರೆ, ಅದಕ್ಕೆ ಔಷಧಿ ಇಲ್ಲ.

7. ಹಬ್ಬ: ಮೂರು ಸಾಕು

ಸ್ವೀಡನ್‌ನ ಕ್ಯಾಲೆಂಡರ್ ಪೂರ್ತಿ ಮಾಡಲು ಹೋಗಬೇಡಿ. ನಮ್ಮಲ್ಲೇ ಗೌರಿ ಗಣೇಶದಿಂದ ದೀಪಾವಳಿವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಮೂರು ಆರಿಸಿ.

ಮೊದಲನೆಯದು ಲೂಸಿಯಾ, ಡಿಸೆಂಬರ್ 13. ಅಲ್ಲಿ ಹೊರಗೆ ಗಾಢ ಕತ್ತಲೆ ಇರುವ ಬೆಳಗಿನ ಹೊತ್ತು, ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಗೆ ದೀಪದ ಕಿರೀಟ ಹಾಕಿಕೊಂಡ ಹುಡುಗಿ ಮುಂದೆ, ಉಳಿದ ಮಕ್ಕಳು ಹಾಡುತ್ತಾ ಹಿಂದೆ. ತಿನ್ನಲು ಕೇಸರಿ ಬನ್, ಮಧ್ಯೆ ಒಣದ್ರಾಕ್ಷಿ. ಮನೆಯಲ್ಲಿ ಮಾಡುವಾಗ ನಿಜವಾದ ಮೇಣದ ಬತ್ತಿ ಕಿರೀಟ ಬೇಡ, ಬ್ಯಾಟರಿಯದ್ದು ಸಿಗುತ್ತದೆ. ಸೂರ್ಯ ಹುಟ್ಟುವ ಮೊದಲು ಲೈಟ್ ಆರಿಸಿ ಮಾಡಿ, ಆಮೇಲೆ ಶಾಲೆ ಬಸ್. ಅದಕ್ಕೂ ಮೊದಲು ಶುರುವಾಗುವ ಅಡ್ವೆಂಟ್‌ನಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ವಾರಗಳಲ್ಲಿ, ಕಿಟಕಿಗೆ ನಕ್ಷತ್ರ ಕಟ್ಟುತ್ತಾರೆ. ಶಿವಾಜಿನಗರದ ಕಡೆ ಕ್ರಿಸ್‌ಮಸ್‌ಗೆ ಮಾರುವ ಕಾಗದದ ನಕ್ಷತ್ರ ಧಾರಾಳವಾಗಿ ಸಾಕು, ಅಲ್ಲಿಂದ ತರಿಸುವ ಅಗತ್ಯವಿಲ್ಲ.

ಎರಡನೆಯದು ಕ್ರಿಸ್‌ಮಸ್ ಹಿಂದಿನ ದಿನ. 1960ರಿಂದಲೂ ಆ ದಿನ ಅಲ್ಲಿ ಮಧ್ಯಾಹ್ನ ಮೂರಕ್ಕೆ ಟಿವಿಯಲ್ಲಿ ಡೊನಾಲ್ಡ್ ಡಕ್ ಕಾರ್ಯಕ್ರಮ ಬರುತ್ತದೆ, ಮನೆಮಂದಿಯೆಲ್ಲ ಕೂತು ನೋಡುತ್ತಾರೆ. ನಮಗೆ ಆಗ ಸಂಜೆ ಏಳೂವರೆ. ಪ್ರಸಾರ ಇಲ್ಲಿ ಸಿಗದಿದ್ದರೂ ಪರವಾಗಿಲ್ಲ, ಅದೇ ಹೊತ್ತಿಗೆ ವಿಡಿಯೋ ಕರೆ ಮಾಡಿ ಸೋಫಾ ಮೇಲಿರುವ ಇಡೀ ಮನೆಯವರ ಜೊತೆ ಕೂತುಕೊಳ್ಳಿ. ಅಂದಿನ ಮಾತು ಭಾನುವಾರದ ಕರೆಯಂತಲ್ಲ, ಗಲಾಟೆ. ಮಗುವಿಗೆ ಅದೇ ಇಷ್ಟ.

ಮೂರನೆಯದು ಮಿಡ್‌ಸಮರ್. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ. ಎಲೆ, ಹೂ ಸುತ್ತಿದ ಕಂಬ ನೆಟ್ಟು ಸುತ್ತ ಕುಣಿಯುತ್ತಾರೆ, ದೊಡ್ಡವರೂ ಕಪ್ಪೆಯಂತೆ ಕುಪ್ಪಳಿಸುತ್ತಾರೆ, ನಾಚಿಕೆ ಇಲ್ಲದೆ. ಕೆ.ಆರ್. ಮಾರ್ಕೆಟ್‌ನ ಹೂವು ಇರುವ ಊರಿನಲ್ಲಿ ಕಂಬ ಸಿಂಗರಿಸುವುದು ಒಂದು ಕಷ್ಟವಾ? ಮಳೆ ಬರುತ್ತದೆ ಅಂತ ಚಿಂತೆ ಬೇಡ, ಅಲ್ಲೂ ಬರುತ್ತದೆ. ಸ್ಟ್ರಾಬೆರಿ ಮಾತ್ರ ಜೂನ್‌ನಲ್ಲಿ ನಮಗೆ ಸಿಗುವುದಿಲ್ಲ, ಫ್ರೋಜನ್ ತನ್ನಿ, ಅಥವಾ ಮಾವಿನಹಣ್ಣಿನ ಕೇಕ್ ಮಾಡಿ. ಯಾರೂ ಬೇಡ ಅನ್ನುವುದಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ತಟ್ಟೆಯಲ್ಲಿ ಕೇಕ್ ಇಟ್ಟುಕೊಂಡು ಹಾಡುತ್ತಾ ಹೋಗಿ ಹಾಸಿಗೆಯಲ್ಲೇ ಎಬ್ಬಿಸುವ ಪದ್ಧತಿಯೂ ಇದೆ. ಹಲ್ಲುಜ್ಜದೆ ಕೇಕ್ ತಿನ್ನುವುದನ್ನು ನನ್ನ ಅಮ್ಮ ಇನ್ನೂ ಒಪ್ಪಿಲ್ಲ.

ಜೊತೆ ಬೇಕು ಅನ್ನಿಸಿದರೆ ಹೊರದೇಶದಲ್ಲಿರುವ ಸ್ವೀಡಿಶರ ಸಂಘಗಳಿವೆ. ಸ್ವಿಯಾ ಅನ್ನುವ ಮಹಿಳೆಯರ ಸಂಘ 1979ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿದೆ. ಕನ್ನಡದವರು ಲಂಡನ್, ನ್ಯೂಯಾರ್ಕ್ ಕಡೆ ಇದ್ದರೆ ಅಲ್ಲಿ ಸ್ವೀಡಿಶ್ ಚರ್ಚುಗಳಿವೆ, ಡಿಸೆಂಬರ್‌ನಲ್ಲಿ ಸಂತೆ, ಲೂಸಿಯಾ ಎಲ್ಲ ನಡೆಯುತ್ತವೆ.

8. ಫೋಟೋ, ದನಿ, ಹಳೆಯ ತಲೆಮಾರು

ಗೂಗಲ್ ಫೋಟೋಸ್‌ನಲ್ಲಿ ಎರಡೂ ಮನೆಯವರಿಗೆ ಒಂದು ಹಂಚಿಕೆಯ ಆಲ್ಬಂ ಮಾಡಿ, ಮಗುವಿನ ಮುಖ ಗುರುತಿಸಿ ತಾನಾಗಿ ಸೇರಿಸುವ ಆಯ್ಕೆ ಹಾಕಿಡಿ. ಆಮೇಲೆ ಕಳಿಸುವ ಕೆಲಸವೇ ಇಲ್ಲ. ಆದರೆ ಅದೇ ಫೋಟೋಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲು ಅಲ್ಲಿನವರನ್ನು ಕೇಳಿ. ನಮ್ಮಲ್ಲಿ ನಾಮಕರಣದ ಫೋಟೋ ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದು ಮಾಮೂಲು. ಅಲ್ಲಿ ಬೇರೆ ಮಕ್ಕಳ ಮುಖ ಇರುವ ಚಿತ್ರ ಹಾಕುವಾಗ ಹಿಂದೆಮುಂದೆ ನೋಡುತ್ತಾರೆ.

ಫಾರ್ಮೋರ್ ದನಿ ರೆಕಾರ್ಡ್ ಮಾಡಿಕೊಳ್ಳಿ. ಕಥೆ, ಜೋಗುಳ, ಅವರ ಬಾಲ್ಯದ ಚಳಿಗಾಲ, ಯಾವುದಾದರೂ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಆಗಿ ಬಂದರೂ ಸರಿ, ಡ್ರೈವ್‌ಗೆ ಎತ್ತಿಡಿ, ಫೈಲ್‌ಗೆ ಹೆಸರು ಕೊಡಿ. ಫೋನ್ ಬದಲಾಯಿಸುವಾಗ ಮೊದಲು ಕಳೆದುಹೋಗುವುದು ಇವೇ.

ಮಗು ಹತ್ತು ದಾಟಿದ ಮೇಲೆ ವಂಶವೃಕ್ಷ ಹುಡುಕುವುದು ಒಳ್ಳೆಯ ಆಟ. ಸ್ವೀಡನ್‌ನ ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟಿನಲ್ಲಿ ಹಳೆಯ ಚರ್ಚ್ ದಫ್ತರಗಳು ಉಚಿತವಾಗಿ ನೋಡಲು ಸಿಗುತ್ತವೆ. ಹುಟ್ಟು, ಮದುವೆ, ಸಾವು, ಯಾವ ಮನೆಯಲ್ಲಿ ಯಾರಿದ್ದರು, ಎಲ್ಲ ಪಾದ್ರಿ ಬರೆದಿಟ್ಟಿರುತ್ತಾರೆ. ನಾರ್ವೆಯವರಿಗೆ ಡಿಜಿಟಲ್ ಆರ್ಕಿವೆಟ್ ಇದೆ, ಅದೂ ಉಚಿತ. ಹುಡುಕುವಾಗ ಮನೆತನದ ಹೆಸರು ಹಿಡಿದು ಹೋಗಬೇಡಿ. 1901ಕ್ಕೆ ಮೊದಲು ಹಳ್ಳಿಗಳಲ್ಲಿ ಆಂಡರ್ಸ್ ಅನ್ನುವವನ ಮಗ ಆಂಡರ್ಸನ್, ಅವನ ಮಗನ ಹೆಸರು ಮತ್ತೆ ಬೇರೆ. ನಮ್ಮ ಇನಿಶಿಯಲ್ ಹಾಗೆಯೇ, ತಲೆಮಾರಿಗೊಂದು ಬದಲಾಗುತ್ತದೆ. ಊರು, ಹೊಲದಮನೆಯ ಹೆಸರು, ಹುಟ್ಟಿದ ತಾರೀಕು, ಈ ಮೂರು ಫಾರ್ಮೋರ್ ಹತ್ತಿರ ಕೇಳಿಕೊಂಡು ಶುರು ಮಾಡಿ. ಹಳೆಯ ಕೈಬರಹ ಅಪ್ಪನಿಗೂ ಓದಲು ಕಷ್ಟ. ಮಗಳು ಮತ್ತು ಅಪ್ಪ ಇಬ್ಬರೂ ತಲೆಕೆರೆದುಕೊಂಡು ಕೂರಲಿ.

9. ಮಗು "ಬೇಡ" ಅಂದಾಗ

ಅನ್ನುತ್ತದೆ. ಏಳೆಂಟು ವರ್ಷಕ್ಕೆ ಒಂದು ಸಲ, ಹದಿಮೂರಕ್ಕೆ ಇನ್ನೊಂದು ಸಲ. "ನನ್ನ ಕ್ಲಾಸಲ್ಲಿ ಯಾರೂ ಸ್ವೀಡಿಶ್ ಮಾತಾಡಲ್ಲ." ಬಲವಂತ ಮಾಡಬೇಡಿ, ಹಾಗಂತ ನಿಲ್ಲಿಸಲೂ ಬೇಡಿ. ಅಪ್ಪ ಸ್ವೀಡಿಶ್‌ನಲ್ಲೇ ಮಾತಾಡುತ್ತಾ ಹೋಗಲಿ, ಮಗು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡಲಿ. ಕಿವಿಯಲ್ಲಿ ಭಾಷೆ ಉಳಿದಿದ್ದರೆ ಮುಂದಿನ ಬೇಸಿಗೆಗೆ ಅಲ್ಲಿನ ಕಸಿನ್‌ಗಳ ಜೊತೆ ಕೆರೆಗೆ ಹಾರುವಾಗ ಬಾಯಿಗೆ ಬರುತ್ತದೆ. ಹದಿಹರೆಯದವರಿಗೆ ಅಜ್ಜಿಯ ಕರೆಗಿಂತ ಕಸಿನ್‌ಗಳ ಜೊತೆ ಆನ್‌ಲೈನ್ ಆಟ ಜಾಸ್ತಿ ಕೆಲಸ ಮಾಡುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕಿರುಚಾಡುವ ಸ್ವೀಡಿಶ್ ಕೂಡ ಸ್ವೀಡಿಶ್ಶೇ. ಏನು ಕಿರುಚುತ್ತಿದ್ದಾನೆ ಅಂತ ಮಾತ್ರ ಅಪ್ಪ ಆಗಾಗ ಕಿವಿಗೊಟ್ಟು ಕೇಳಿಸಿಕೊಳ್ಳಲಿ, ಬೈಗುಳಗಳನ್ನು ಮಕ್ಕಳು ಎಲ್ಲಕ್ಕಿಂತ ಬೇಗ ಕಲಿಯುತ್ತಾರೆ.